ಸ್ವತಂತ್ರ ಪಾತ್ರಾಭಿನಯ ಆಟಗಳು

ಸ್ವತಂತ್ರ ಪಾತ್ರಾಭಿನಯ ಆಟ ಎಂಬುದು ದೊಡ್ಡ ಪ್ರಕಾಶನ ಸಂಸ್ಥೆಯ ಒಡೆತನಕ್ಕೆ ಒಳಪಡದೆ, ರಚಿಸಿದವರೇ ಹಕ್ಕನ್ನು ಉಳಿಸಿಕೊಂಡು ಪ್ರಕಟಿಸುವ ಮೇಜಿನ ಆಟದ ಒಂದು ಬಗೆ. ಪಾತ್ರಾಭಿನಯ ಆಟವನ್ನು ಇಂಗ್ಲಿಷಿನಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದೂ, ಚಿಕ್ಕದಾಗಿ ಟಿಟಿಆರ್‌ಪಿಜಿ ಎಂದೂ ಕರೆಯುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ಜನ ಒಂದೆಡೆ ಕುಳಿತು, ತಲಾ ಒಂದು ಪಾತ್ರವನ್ನು ವಹಿಸಿಕೊಂಡು, ಮಾತಿನ ಮೂಲಕವೇ ಒಂದು ಕಥೆಯನ್ನು ನಡೆಸುತ್ತಾರೆ. ವೇಷಭೂಷಣ, ರಂಗಸ್ಥಳ, ಬರೆದಿಟ್ಟ ಸಂಭಾಷಣೆ ಇವು ಯಾವುವೂ ಇರುವುದಿಲ್ಲ. ಕಥೆಯ ಮುಂದಿನ ತಿರುವು ಆಟಗಾರರ ತೀರ್ಮಾನದಿಂದಲೂ ದಾಳದ ಬೀಳುವಿಕೆಯಿಂದಲೂ ನಿರ್ಧಾರವಾಗುತ್ತದೆ. ಕಂಪ್ಯೂಟರಿನಲ್ಲಿ ಆಡುವ ಇದೇ ಹೆಸರಿನ ಆಟಗಳು ಈ ಮೂಲದಿಂದಲೇ ಬಂದವು. ಈ ಲೇಖನವು ಜೊತೆಯಾಗಿ ಕುಳಿತು ಆಡುವ ಬಗೆಗೆ ಸೀಮಿತವಾಗಿದೆ.

ಆಟದ ಸ್ವರೂಪ

ಬಹುಪಾಲು ಆಟಗಳಲ್ಲಿ ಒಬ್ಬರು ಗೇಮ್ ಮಾಸ್ಟರ್, ಅಂದರೆ ಸೂತ್ರಧಾರರಾಗಿರುತ್ತಾರೆ. ಸನ್ನಿವೇಶವನ್ನು ವರ್ಣಿಸುವುದು, ಆಟಗಾರರು ವಹಿಸಿಕೊಳ್ಳದ ಉಳಿದೆಲ್ಲ ಪಾತ್ರಗಳ ಪರವಾಗಿ ಮಾತನಾಡುವುದು, ನಿಯಮವನ್ನು ಅನ್ವಯಿಸುವುದು ಅವರ ಕೆಲಸ. ಸೂತ್ರಧಾರರು "ಹೊಳೆ ತುಂಬಿ ಹರಿಯುತ್ತಿದೆ, ದೋಣಿಯವನು ಕಾಣುತ್ತಿಲ್ಲ, ಏನು ಮಾಡುತ್ತೀರಿ?" ಎಂದು ಕೇಳಿದರೆ, ಆಟಗಾರರೊಬ್ಬರು "ನಾನು ಈಜಿ ದಾಟುತ್ತೇನೆ" ಎನ್ನಬಹುದು. ದಾಟಿದರೇ, ಕೊಚ್ಚಿಹೋದರೇ ಎಂಬ ಅನುಮಾನ ಹುಟ್ಟಿದ ಈ ಹಂತದಲ್ಲಿ ಮಾತ್ರ ದಾಳ ಉರುಳುತ್ತದೆ. ಅನುಮಾನವಿಲ್ಲದ ಕಡೆ ದಾಳದ ಅಗತ್ಯವಿಲ್ಲ.

ದಾಳದ ಫಲವನ್ನು ಹೇಗೆ ಓದಬೇಕು ಎಂಬುದರಲ್ಲಿಯೇ ಒಂದು ಆಟಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ವಿನ್ಸೆಂಟ್ ಬೇಕರ್ ಮತ್ತು ಮೆಗೀ ಬೇಕರ್ ಅವರ ಅಪಾಕಲಿಪ್ಸ್ ವರ್ಲ್ಡ್ (2010) ಎಂಬ ಆಟದಲ್ಲಿ ಆರು ಮುಖಗಳ ಎರಡು ದಾಳಗಳನ್ನು ಕೂಡಿಸಲಾಗುತ್ತದೆ. 10 ಅಥವಾ ಹೆಚ್ಚು ಬಂದರೆ ಕೆಲಸ ಪೂರ್ಣವಾಗಿ ಫಲಿಸುತ್ತದೆ. 7ರಿಂದ 9 ಬಂದರೆ ಫಲಿಸುತ್ತದೆ, ಆದರೆ ಏನಾದರೂ ಬೆಲೆ ತೆರಬೇಕಾಗುತ್ತದೆ. 6 ಅಥವಾ ಕಡಿಮೆ ಬಂದರೆ ಕಥೆ ಆಟಗಾರರಿಗೆ ಒಲ್ಲದ ದಿಕ್ಕಿಗೆ ತಿರುಗುತ್ತದೆ. ಪಾತ್ರದ ಗುಣಕ್ಕಾಗಿ ಏನನ್ನೂ ಕೂಡಿಸದೆ ಎಣಿಸಿದರೆ 36 ಸಾಧ್ಯತೆಗಳಲ್ಲಿ ಪೂರ್ಣ ಯಶಸ್ಸು 6, ಬೆಲೆ ತೆತ್ತ ಯಶಸ್ಸು 15, ಸೋಲು 15. ಗೆಲುವು-ಸೋಲುಗಳ ನಡುವಿನ ಆ ದೊಡ್ಡ ಪಾಲೇ ಕಥೆಯನ್ನು ಮುಂದೂಡುವ ಯಂತ್ರ. ಈ ಆಟದ ತಳಹದಿಯ ಮೇಲೆ ಅನೇಕ ಆಟಗಳು ಬೇರೆಯವರಿಂದ ರಚಿತವಾಗಲು ಇದೂ ಒಂದು ಕಾರಣ.

ಹುಟ್ಟು

ಪಾತ್ರಾಭಿನಯ ಆಟ ಯುದ್ಧದ ಆಟದಿಂದ ಬಂದಿತು. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ನೆಪೋಲಿಯನ್ ಕಾಲದ ಕದನವೊಂದನ್ನು ಆಡಿಸಲು ಸಿದ್ಧರಾದರು. ಬಂದವರು ಹೆಚ್ಚಾಗಿದ್ದುದರಿಂದ, ಸೈನ್ಯಗಳ ನಡುವೆ ಸಿಕ್ಕಿದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರಿನ ಮುಖಂಡ, ಸಾಹುಕಾರ ಮೊದಲಾದವರ ಪಾತ್ರಗಳನ್ನು ಅವರಿಗೆ ಹಂಚಿದರು. ಎಲ್ಲರೂ ತಮ್ಮತಮ್ಮಲ್ಲೇ ಸಂಚು, ಸಂಧಾನಗಳಲ್ಲಿ ಮುಳುಗಿದ್ದರಿಂದ ಕದನ ನಡೆಯಲೇ ಇಲ್ಲ. ಆಟ ಕೆಟ್ಟಿತೆಂದು ವೆಸ್ಲಿ ಭಾವಿಸಿದರು. ಆಡಿದವರು ಮಾತ್ರ ಇನ್ನೊಮ್ಮೆ ಬೇಕೆಂದರು. ಆ ಬಳಗದಲ್ಲಿದ್ದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಅವರೊಡನೆ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ರೂಪಿಸಿದರು. 1974ರಲ್ಲಿ ಅದರ ಮೊದಲ ಮುದ್ರಣ 1,000 ಪ್ರತಿಗಳದು. ಇಂದು ಹ್ಯಾಸ್‌ಬ್ರೋ ಕಂಪನಿಯ ಆಸ್ತಿಯಾಗಿರುವ ಈ ಆಟವೂ ಆರಂಭದಲ್ಲಿ ಕೆಲವು ಗೆಳೆಯರು ತಾವೇ ದುಡ್ಡು ಹಾಕಿ ಅಚ್ಚು ಹಾಕಿಸಿದ್ದೆಂಬುದನ್ನು ನೆನಪಿಡಬೇಕು.

'ಸ್ವತಂತ್ರ' ಎಂಬ ವಿಶೇಷಣ ಬಳಕೆಗೆ ಬಂದದ್ದು 2000ದ ಆಸುಪಾಸಿನಲ್ಲಿ, ರಾನ್ ಎಡ್ವರ್ಡ್ಸ್ ಮತ್ತವರ ಜೊತೆಗಾರರ ಚರ್ಚೆಗಳಿಂದ. ಆಟ ಚಿಕ್ಕದೋ ದೊಡ್ಡದೋ ಎಂಬುದಲ್ಲ, ಅದರ ಹಕ್ಕು ಯಾರ ಕೈಯಲ್ಲಿದೆ ಎಂಬುದೇ ಅವರ ಅಳತೆಗೋಲಾಗಿತ್ತು. ಅಲ್ಲಿಂದೀಚೆಗೆ ರಾಕ್ಷಸರನ್ನು ಕೊಂದು ನಿಧಿ ದೋಚುವ ಕಥೆಗಳಾಚೆಗಿನ ವಸ್ತುಗಳು ಈ ಆಟಗಳಿಗೆ ಬಂದವು. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ಫಿಯಾಸ್ಕೊ (2009) ಸೂತ್ರಧಾರರೇ ಇಲ್ಲದ ಆಟ. ಜಾನ್ ಹಾರ್ಪರ್ ಅವರ ಲೇಸರ್ಸ್ ಅಂಡ್ ಫೀಲಿಂಗ್ಸ್ (2013) ಒಂದೇ ಪುಟದಲ್ಲಿ ಮುಗಿಯುತ್ತದೆ. 2018ರ ಡಯಲೆಕ್ಟ್ ಎಂಬ ಆಟದಲ್ಲಿ ಹೊರಗಿನವರಿಂದ ಬೇರ್ಪಟ್ಟ ಒಂದು ಸಮುದಾಯ ತನ್ನದೇ ನುಡಿಯನ್ನು ಕಟ್ಟಿಕೊಳ್ಳುತ್ತದೆ. ಆಟ ಮುಗಿಯುವ ಹೊತ್ತಿಗೆ ಆ ನುಡಿ ಅಳಿಯುತ್ತದೆ. ಕನ್ನಡದ ಓದುಗರಿಗೆ ಈ ಕೊನೆಯ ಆಟದ ವಸ್ತು ದೂರದ್ದೆನಿಸಲಾರದು.

ಹಕ್ಕು ಮತ್ತು ಪರವಾನಗಿ

ಆಟವೊಂದನ್ನು ಆಡುವ ವಿಧಾನಕ್ಕೆ ಕೃತಿಸ್ವಾಮ್ಯ ಇರುವುದಿಲ್ಲ. ಆ ವಿಧಾನವನ್ನು ವಿವರಿಸುವ ಬರಹಕ್ಕೆ, ಚಿತ್ರಕ್ಕೆ, ಕಲ್ಪಿತ ಲೋಕದ ವರ್ಣನೆಗೆ ಇರುತ್ತದೆ. ಅಮೆರಿಕದ ಕಾನೂನಿನ ನಿಲುವು ಇದು. ಭಾರತದಲ್ಲಿಯೂ, ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಉಂಟು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ಆರ್. ಜಿ. ಆನಂದ್ ಪ್ರಕರಣದಲ್ಲಿ (1978) ಎತ್ತಿಹಿಡಿದಿದೆ. ಆದಕಾರಣ ಎರಡು ದಾಳಗಳನ್ನು ಕೂಡಿಸುವ ಮೇಲಿನ ಪದ್ಧತಿಯನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆದು ಬಳಸಬಹುದು.

ಆದರೂ ಪರವಾನಗಿಯ ಪ್ರಶ್ನೆ ಎಷ್ಟು ಜನರ ಅನ್ನದ ಪ್ರಶ್ನೆಯಾಗಬಲ್ಲದು ಎಂಬುದು 2023ರ ಜನವರಿಯಲ್ಲಿ ತಿಳಿಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯನ್ನು ಹೊರತಂದಿತ್ತು. ಅದನ್ನು ನಂಬಿ ಇಪ್ಪತ್ತೆರಡು ವರ್ಷಗಳ ಕಾಲ ಅನೇಕ ಸಣ್ಣ ಪ್ರಕಾಶಕರು ಪುಸ್ತಕಗಳನ್ನು ಮಾಡಿದ್ದರು. ಆ ಪರವಾನಗಿಯನ್ನು ಹಿಂದಕ್ಕೆ ಪಡೆದು, ವರ್ಷಕ್ಕೆ 7,50,000 ಡಾಲರಿಗಿಂತ ಹೆಚ್ಚು ವಹಿವಾಟು ಇರುವವರಿಂದ ರಾಯಧನ ಕೇಳುವ ಹೊಸ ಕರಡು ಸೋರಿಕೆಯಾದಾಗ ವ್ಯಾಪಕ ಪ್ರತಿಭಟನೆ ನಡೆಯಿತು. ಅದೇ ತಿಂಗಳ 27ರಂದು ಸಂಸ್ಥೆ ಹಿಂದೆ ಸರಿದು, ಆಟದ ಮೂಲ ನಿಯಮಾವಳಿಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಹಳೆಯ ಪರವಾನಗಿಯನ್ನು ಒಡೆಯರು ಹಿಂಪಡೆಯಬಹುದೇ ಎಂಬುದರ ಬಗ್ಗೆ ವಾದವಿತ್ತು. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಅಂಥ ವಾದಕ್ಕೆ ಎಡೆಯಿಲ್ಲ, ಷರತ್ತು ಪಾಲಿಸುವವರೆಗೆ ಒಮ್ಮೆ ಕೊಟ್ಟದ್ದನ್ನು ಕಿತ್ತುಕೊಳ್ಳಲಾಗದು. ವಿಕಿಪೀಡಿಯದ ಬರಹಗಳು ಹಂಚಿಕೆಯಾಗುವುದೂ ಇದೇ ಕುಟುಂಬದ ಪರವಾನಗಿಯಡಿ.

ತಾಳಮದ್ದಳೆಯೊಡನೆ ಹೋಲಿಕೆ

ಕುಳಿತಲ್ಲೇ ಪಾತ್ರ ವಹಿಸಿ ಆಶುವಾಗಿ ಮಾತನಾಡುವುದು ಕನ್ನಡಕ್ಕೆ ಹೊಸದಲ್ಲ. ಕರಾವಳಿ, ಮಲೆನಾಡು ಹಾಗೂ ಕಾಸರಗೋಡಿನ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷ, ಕುಣಿತಗಳಿಲ್ಲದೆ ಸಾಲಾಗಿ ಕುಳಿತುಕೊಳ್ಳುತ್ತಾರೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅದರ ಮೇಲೆ ಅರ್ಥಧಾರಿ ತನ್ನ ಪಾತ್ರದ ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತಾನೆ, ಎದುರಾಳಿ ಅದಕ್ಕೆ ಪ್ರತಿಯಾಗಿ ಕಟ್ಟುತ್ತಾನೆ. ವಾಲಿವಧೆಯಲ್ಲಿ ವಾಲಿ ಬೀಳುವುದು ಖಚಿತ. ಆದರೆ ಬಿದ್ದ ವಾಲಿ ರಾಮನಿಗೆ ಯಾವ ಪ್ರಶ್ನೆ ಹಾಕುತ್ತಾನೆ, ರಾಮ ಹೇಗೆ ಉತ್ತರಿಸುತ್ತಾನೆ ಎಂಬುದು ಆ ರಾತ್ರಿಯವರೆಗೆ ಯಾರಿಗೂ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಖ್ಯಾತಿ ನಿಂತಿರುವುದು ಈ ಸ್ವಾತಂತ್ರ್ಯದ ಮೇಲೆಯೇ.

ವ್ಯತ್ಯಾಸಗಳೂ ಇವೆ. ತಾಳಮದ್ದಳೆಗೆ ಕೇಳುಗರುಂಟು, ಅರ್ಥಗಾರಿಕೆಗೆ ಪುರಾಣಜ್ಞಾನ ಬೇಕು, ದಾಳದ ಮಾತಿಲ್ಲ. ಪಾತ್ರಾಭಿನಯ ಆಟದಲ್ಲಿ ಆಡುವವರೇ ಕೇಳುವವರು; ಪಾಂಡಿತ್ಯ ಬೇಡ. ಎರಡಕ್ಕೂ ಸಮಾನವಾದುದು ಒಂದೇ: ಕಥೆಯ ಚೌಕಟ್ಟು ಮೊದಲೇ ಇದೆ, ಮಾತು ಇಲ್ಲ.

ರಚನೆ: ಮಾಯಕೊಂಡದ ಒಂದು ಉದಾಹರಣೆ

ಆಟವೊಂದನ್ನು ರಚಿಸುವ ಬಗೆಯನ್ನು ತಿಳಿಯಲು ದಾವಣಗೆರೆ ಜಿಲ್ಲೆಯ ಮಾಯಕೊಂಡವನ್ನು ತೆಗೆದುಕೊಳ್ಳಬಹುದು. ಇಲ್ಲಿ 1748ರಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕನಿಗೂ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಟಕ್ಕೂ ಕದನ ನಡೆದು, ಮದಕರಿನಾಯಕ ರಣರಂಗದಲ್ಲೇ ಮಡಿದನು.

ಇದನ್ನು ಯುದ್ಧದ ಆಟವಾಗಿ ಮಾಡಿದರೆ ಆಟಗಾರರು ಸೇನಾಪತಿಗಳಾಗುತ್ತಾರೆ. ಬ್ರೌನ್‌ಸ್ಟೈನ್‌ನ ಜಾಡು ಹಿಡಿದರೆ ಅವರು ಊರಿನವರಾಗುತ್ತಾರೆ: ಕೆರೆಯ ತೂಬು ಕಾಯುವ ನೀರುಗಂಟಿ, ಲೆಕ್ಕ ಬರೆಯುವ ಶಾನುಭೋಗ, ಕತ್ತಿ ಸಾಣೆ ಹಿಡಿಯುವ ಕಮ್ಮಾರ, ದುರ್ಗದ ಪಡೆಯಲ್ಲಿ ಗಂಡನಿರುವ ಹೆಂಗಸು. ಪಾತ್ರಗಳು ಕಲ್ಪಿತ, ಕದನ ಚರಿತ್ರೆಯದು. ಆಟದ ಅವಧಿ ಕದನದ ಮುಂಚಿನ ಮೂರು ಸಂಜೆಗಳು. ಹಗೇವಿನಲ್ಲಿರುವ ಜೋಳವನ್ನು ಪಡೆಗೆ ಕೊಡಬೇಕೇ, ಮುಚ್ಚಿಡಬೇಕೇ? ಊರು ಬಿಡುವುದಾದರೆ ದನಕರುಗಳ ಗತಿ ಏನು? ಬಿಡಲಾಗದ ಮುದುಕರ ಬಳಿ ಯಾರು ಉಳಿಯುತ್ತಾರೆ?

ದಾಳದ ಬದಲು ಚೌಕಾಬಾರದ ನಾಲ್ಕು ಕವಡೆಗಳನ್ನೋ, ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳನ್ನೋ ಬಳಸಬಹುದು. ಕವಡೆ ಎರಡು ಬದಿಗೂ ಸಮವಾಗಿ ಬೀಳುತ್ತದೆಂದು ಭಾವಿಸಿದರೆ 16 ಸಾಧ್ಯತೆಗಳುಂಟು: ಮೂರು ಅಥವಾ ನಾಲ್ಕು ಮೇಲ್ಮುಖವಾಗುವುದು 5, ಸರಿಯಾಗಿ ಎರಡು ಮೇಲ್ಮುಖವಾಗುವುದು 6, ಒಂದು ಅಥವಾ ಸೊನ್ನೆ 5. ಮೊದಲನೆಯದು ಗೆಲುವು, ಎರಡನೆಯದು ಬೆಲೆ ತೆತ್ತ ಗೆಲುವು, ಮೂರನೆಯದು ಸೋಲು ಎಂದಿಟ್ಟುಕೊಂಡರೆ ನಿಯಮ ಮೂರು ಸಾಲಿನಲ್ಲಿ ಮುಗಿಯಿತು. ಅಪಾಕಲಿಪ್ಸ್ ವರ್ಲ್ಡ್‌ನ ಎರಡು ದಾಳಗಳಿಗಿಂತ ಇದು ತುಸು ಕರುಣೆಯುಳ್ಳದ್ದು. ಸೋಲಿನ ಪಾಲು ಶೇ. 42ರಿಂದ ಶೇ. 31ಕ್ಕೆ ಇಳಿಯುತ್ತದೆ. ಬಿಗಿ ಬೇಕೆಂದರೆ, ಪ್ರತಿ ಸೋಲಿಗೂ ಒಂದು ಕವಡೆಯನ್ನು ಪಕ್ಕಕ್ಕಿಟ್ಟು ಮುಂದಿನ ಬಾರಿ ಮೂರನ್ನೇ ಎಸೆಯಬಹುದು. ಆಗ ಗೆಲುವು ಬರುವುದು ಎಂಟರಲ್ಲಿ ಒಂದು ಸಲ ಮಾತ್ರ.

ಕದನದ ಫಲಕ್ಕೆ ಮಾತ್ರ ಕವಡೆ ಹಾಕಬಾರದು. ನಾಯಕನನ್ನು ಬದುಕಿಸಲು ಅವಕಾಶ ಕೊಟ್ಟರೆ ಎಲ್ಲರೂ ಅದನ್ನೇ ಮಾಡಲು ಹೊರಡುತ್ತಾರೆ, ನೀರುಗಂಟಿ ಮರೆತುಹೋಗುತ್ತಾನೆ. ತಾಳಮದ್ದಳೆಯ ವಾಲಿಯಂತೆ ಇಲ್ಲಿಯೂ ಕೊನೆ ಗೊತ್ತಿರುವುದೇ ಆಟದ ಬಲ.

ಇಂಥ ವಸ್ತುವಿನಲ್ಲಿ ಇನ್ನೊಂದು ಎಚ್ಚರ ಬೇಕಾಗುತ್ತದೆ. ಹದಿನೆಂಟನೆಯ ಶತಮಾನದ ಊರೆಂದರೆ ಜಾತಿಯ ಕಟ್ಟುಗಳಿದ್ದ ಊರು. ದುರ್ಗದ ನಾಯಕರನ್ನು ತಮ್ಮ ಪೂರ್ವಿಕರೆಂದು ಗೌರವಿಸುವವರು ಇಂದಿಗೂ ಅನೇಕರಿದ್ದಾರೆ. ಯಾವ ವಿಷಯ ಕಥೆಯಲ್ಲಿ ಬರಲೇಬಾರದು, ಯಾವುದು ತೆರೆಯ ಹಿಂದೆ ನಡೆಯಲಿ ಎಂಬುದನ್ನು ಆಟಕ್ಕೆ ಕೂರುವ ಮುನ್ನವೇ ಮಾತನಾಡಿಕೊಳ್ಳುವ ಪದ್ಧತಿ ಇಂದು ಸಾಕಷ್ಟು ಪ್ರಚಲಿತವಾಗಿದೆ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್ ಕಾರ್ಡ್ ಎಂಬ ಉಪಾಯವೂ ಇದೆ: ಮೇಜಿನ ನಡುವೆ ಅಡ್ಡಗೀಟು ಎಳೆದ ಒಂದು ಚೀಟಿ ಇರುತ್ತದೆ, ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಪ್ರಸ್ತಾಪವನ್ನು ಕೈಬಿಡಲಾಗುತ್ತದೆ.

ಪರೀಕ್ಷೆ ಮತ್ತು ಹಂಚಿಕೆ

ಬರೆದವರು ಜೊತೆಗಿದ್ದು ಆಡಿಸಿದರೆ ಯಾವ ಆಟವೂ ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಪುಟದಲ್ಲಿ ಬಿಟ್ಟುಹೋದದ್ದನ್ನು ಅವರು ಬಾಯಲ್ಲಿ ತುಂಬುತ್ತಾರೆ. ಆದ್ದರಿಂದ ಹಾಳೆಯನ್ನಷ್ಟೇ ಅಪರಿಚಿತರ ಕೈಗೆ ಕೊಟ್ಟು, ಎಲ್ಲಿ ತಡವರಿಸುತ್ತಾರೆ ಎಂದು ಮಾತಿಲ್ಲದೆ ನೋಡುವುದೇ ನಿಜವಾದ ಪರೀಕ್ಷೆ.

ಒಂದು ಎ4 ಹಾಳೆಯ ಎರಡು ಬದಿಗೂ ಅಚ್ಚು ಹಾಕಿ ಎರಡು ಸಲ ಮಡಿಚಿ ಅಂಚು ಕತ್ತರಿಸಿದರೆ ಎಂಟು ಪುಟದ ಪುಸ್ತಿಕೆಯಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿಯೇ ಪ್ರತಿ ಮಾಡಿಸಬಹುದು. ಗಣಕದ ಮೂಲಕ ಹಂಚುವವರು ಹೆಚ್ಚಾಗಿ 2013ರಲ್ಲಿ ಆರಂಭವಾದ ಇಚ್ ಡಾಟ್ ಐಓ ತಾಣವನ್ನು ಬಳಸುತ್ತಾರೆ. ಅಲ್ಲಿ ಬೆಲೆ ಇಡುವುದು, ಉಚಿತವಾಗಿ ಕೊಡುವುದು, ಇಷ್ಟಬಂದಷ್ಟು ಕೊಡಿ ಎನ್ನುವುದು ಎಲ್ಲವೂ ರಚಿಸಿದವರ ಆಯ್ಕೆ. ಕನ್ನಡದ ಕಡತವಾದರೆ ಯೂನಿಕೋಡ್ ಅಕ್ಷರಗಳಲ್ಲಿರುವುದು ಒಳಿತು. ಹಳೆಯ ಫಾಂಟುಗಳಲ್ಲಿ ಬರೆದದ್ದು ಹುಡುಕಾಟಕ್ಕೆ ಸಿಗುವುದಿಲ್ಲ. ಪುಸ್ತಿಕೆಯ ಕೊನೆಯ ಪುಟದಲ್ಲಿ ರಚಿಸಿದವರ ಹೆಸರು, ಆವೃತ್ತಿಯ ಸಂಖ್ಯೆ, ಯಾವ ಆಟದಿಂದ ಏನನ್ನು ಪಡೆಯಲಾಗಿದೆ ಎಂಬ ಸ್ಮರಣೆ ಹಾಗೂ ಪರವಾನಗಿಯ ಹೆಸರು ಇರಬೇಕು. ಪರವಾನಗಿಯ ಸಾಲು ಇಲ್ಲದಿದ್ದರೆ ಎಲ್ಲ ಹಕ್ಕುಗಳೂ ಕಾಯ್ದಿರಿಸಲ್ಪಟ್ಟಿವೆ ಎಂದೇ ಕಾನೂನು ತಿಳಿಯುತ್ತದೆ. ಆಗ ಹರಿಹರದಲ್ಲಿರುವ ಒಬ್ಬರು ಅದೇ ಆಟದ ಪಠ್ಯವನ್ನು ತುಂಗಭದ್ರೆಯ ದಡದ ಕಥೆಗೆ ಹೊಂದಿಸಿ ಪ್ರಕಟಿಸಬೇಕೆಂದರೂ ಅನುಮತಿಗಾಗಿ ಕಾಯಬೇಕಾಗುತ್ತದೆ.