ಆನೆ ಇಂದು ಎಲ್ಲಿದೆ? ವಾಲ್ಪಾರೈಯ ದಿನನಿತ್ಯದ ಕಾಡು ಕಾಯಕ

ವಾಲ್ಪಾರೈ ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ, ಆನೈಮಲೈ ಬೆಟ್ಟಗಳ ನಡುವೆ ಇರುವ ಪ್ರಸ್ಥಭೂಮಿ. ಪೊಳ್ಳಾಚಿಯಿಂದ ಹೊರಟು ಆಳಿಯಾರ್ ಅಣೆಕಟ್ಟೆ ದಾಟಿ, 40 ಹೇರ್‌ಪಿನ್ ತಿರುವುಗಳನ್ನು ಹತ್ತಿದರೆ ಅಲ್ಲಿಗೆ ತಲುಪಬಹುದು. ಸುಮಾರು 220 ಚದರ ಕಿಲೋಮೀಟರ್ ವಿಸ್ತಾರದ ಈ ನೆಲದ ಬಹುಪಾಲು ಚಹಾ ತೋಟ. ಅಲ್ಲಲ್ಲಿ ಕಾಫಿ ಮತ್ತು ಏಲಕ್ಕಿ ಇವೆ. ಅವುಗಳ ನಡುವೆ ಮಳೆಕಾಡಿನ ತುಣುಕುಗಳು ಉಳಿದುಕೊಂಡಿವೆ. ಸುತ್ತಲೂ ಆನೈಮಲೈ ಹುಲಿ ಸಂರಕ್ಷಿತ ಪ್ರದೇಶ, ಕೇರಳದ ಕಡೆಗೆ ಪರಂಬಿಕುಳಂ ಮತ್ತು ವಾಳಚ್ಚಾಲ್ ಕಾಡುಗಳು. ಆನೆಗೆ, ಚಿರತೆಗೆ, ಸಿಂಗಳೀಕಕ್ಕೆ ಈ ತೋಟಗಳು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವ ಹಾದಿ. ಸುಮಾರು 70 ಸಾವಿರ ಜನರಿಗೆ ಇದೇ ಊರು, ಇದೇ ಅನ್ನದ ನೆಲ.

ವನ್ಯಜೀವಿ ರಕ್ಷಣೆಯ ಹೋರಾಟ ಎಂದರೆ ಕನ್ನಡ ಓದುಗರ ಮನಸ್ಸಿಗೆ ಮೊದಲು ಬರುವುದು 1983ರಲ್ಲಿ ಶಿರಸಿ ಬಳಿಯ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿ ನಿಂತ ಜನ, ಅಥವಾ ಸುಪ್ರೀಂ ಕೋರ್ಟಿನವರೆಗೆ ಹೋಗಿ 2005ರ ಕೊನೆಗೆ ಗಣಿ ನಿಲ್ಲಿಸಿದ ಕುದುರೆಮುಖದ ಆಂದೋಲನ. ಅವೆರಡರಲ್ಲೂ ಎದುರಾಳಿ ಯಾರು, ಗೆಲುವು ಯಾವುದು ಎಂಬುದು ಸ್ಪಷ್ಟವಾಗಿತ್ತು. ವಾಲ್ಪಾರೈಯಲ್ಲಿ ಅಂಥ ಒಂದು ದಿನ, ಒಂದು ತೀರ್ಪು ಇಲ್ಲ. ಅಲ್ಲಿನ ಕೆಲಸ ಪ್ರತಿದಿನ ಹೊಸದಾಗಿ ಆಗಬೇಕು: ಇಂದು ಸಂಜೆ ಆನೆ ಎಲ್ಲಿದೆ ಎಂದು ತಿಳಿಯಬೇಕು, ರಸ್ತೆ ದಾಟುವ ಕೋತಿಗಾಗಿ ವಾಹನ ನಿಲ್ಲಿಸಬೇಕು, ನರ್ಸರಿಯ ಸಸಿಗೆ ನೀರು ಹಾಕಬೇಕು.

ಈ ತೋಟಗಳು ಹುಟ್ಟಿದ ಬಗೆಯನ್ನು ಬಿಟ್ಟು ಇಂದಿನ ಸ್ಥಿತಿಯನ್ನು ಅರಿಯಲಾಗದು. 1890ರ ದಶಕದಿಂದ ಬ್ರಿಟಿಷ್ ಪ್ಲಾಂಟರುಗಳು ಇಲ್ಲಿನ ಮಳೆಕಾಡು ಕಡಿದು ಮೊದಲು ಕಾಫಿ, ಆಮೇಲೆ ಚಹಾ ಹಾಕಿದರು. ಬಯಲುಸೀಮೆಯ ಬಡವರನ್ನು ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಬೆಟ್ಟಕ್ಕೆ ಕರೆತಂದರು. ಆ ಸಾಲ ತೀರದೆ, ಮಲೇರಿಯಾ ಬಿಡದೆ, ಎಷ್ಟೋ ಜನ ಮರಳಿ ಊರು ಕಾಣಲಿಲ್ಲ. 1940ರ ದಶಕದಲ್ಲಿ ಇಲ್ಲಿನ ಎಸ್ಟೇಟಿಗೆ ವೈದ್ಯರಾಗಿ ಬಂದ ಪಿ. ಎಚ್. ಡೇನಿಯಲ್ ಹಳೆಯ ಕಾರ್ಮಿಕರ ಬಾಯಿಂದ ಈ ಕಥೆಗಳನ್ನು ಕೇಳಿ 1969ರಲ್ಲಿ ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿ ಪ್ರಕಟಿಸಿದರು. ಬಾಲ ನಿರ್ದೇಶನದ 2013ರ ‘ಪರದೇಸಿ’ ಚಿತ್ರಕ್ಕೆ ಆಧಾರ ಅದೇ. ಮನೆ, ಆಸ್ಪತ್ರೆ, ಶಿಶುವಿಹಾರಗಳನ್ನು ಮಾಲೀಕರೇ ಒದಗಿಸಬೇಕೆಂಬ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಬಂದದ್ದು 1951ರಲ್ಲಿ. ಕಾಡು ಕಳೆದುಕೊಂಡ ಪ್ರಾಣಿ ಮತ್ತು ಊರು ಕಳೆದುಕೊಂಡ ಕೂಲಿಯವರು ಒಂದೇ ಇತಿಹಾಸದ ಎರಡು ಮಕ್ಕಳು. ಇಲ್ಲಿ ಒಬ್ಬರನ್ನು ಬದಿಗಿಟ್ಟು ಇನ್ನೊಬ್ಬರನ್ನು ಉಳಿಸುತ್ತೇವೆಂದು ಹೊರಟ ಯೋಜನೆ ನಿಲ್ಲುವುದಿಲ್ಲ.

ಆನೆಗಳ ವಿಷಯದಲ್ಲಿ ಇದು ಬಲು ಬೇಗ ಗೊತ್ತಾಗುತ್ತದೆ. ವರ್ಷದ ಬೇರೆ ಬೇರೆ ಕಾಲದಲ್ಲಿ ನೂರರ ಆಸುಪಾಸಿನ ಆನೆಗಳು ಈ ಪ್ರಸ್ಥಭೂಮಿಯನ್ನು ಬಳಸುತ್ತವೆ. ಹಗಲಲ್ಲಿ ಅವು ನಡು ಆರು, ಶೋಲೈಯಾರ್ ಹೊಳೆಗಳ ದಡದ ಕಾಡಿನಲ್ಲಿ ನಿಂತು, ಕತ್ತಲಾದ ಮೇಲೆ ತೋಟ ದಾಟುತ್ತವೆ. ಅದೇ ಹೊತ್ತಿಗೆ ಪೇಟೆಯಿಂದ ಮರಳಿದ ಕಾರ್ಮಿಕರು ಬಸ್ಸಿಳಿದು ಚಹಾ ಗಿಡಗಳ ನಡುವಿನ ದಾರಿಯಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಗಳ ಕಡೆ ನಡೆಯುತ್ತಾರೆ. 1990ರ ದಶಕದ ಮಧ್ಯದಿಂದ ಎರಡು ದಶಕಗಳಲ್ಲಿ ಸುಮಾರು 40 ಜನ ಆನೆಗೆ ಸಿಕ್ಕಿ ಸತ್ತರು. ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಆ ಸಾವುಗಳ ವಿವರ ಕಲೆಹಾಕಿದಾಗ ಒಂದು ಸಂಗತಿ ಎದ್ದು ಕಂಡಿತು: ಸತ್ತವರಲ್ಲಿ ಹೆಚ್ಚಿನವರಿಗೆ ಹತ್ತಿರದಲ್ಲಿ ಆನೆ ಇದೆ ಎಂಬ ಸುಳಿವೇ ಇರಲಿಲ್ಲ. ಹಾಗಿದ್ದರೆ ಬೇಲಿಗಿಂತ, ಪಟಾಕಿಗಿಂತ ಮೊದಲು ಬೇಕಾದದ್ದು ಸುದ್ದಿ.

ಸುದ್ದಿ ಮುಟ್ಟಿಸುವ ಕೆಲಸ ಶುರುವಾದದ್ದು ಸ್ಥಳೀಯ ಕೇಬಲ್ ಟಿವಿಯಿಂದ. ಸಂಜೆ ಜನ ಟಿವಿ ನೋಡುವಾಗ ಪರದೆಯ ಕೆಳಗೆ ಯಾವ ಎಸ್ಟೇಟಿನ ಯಾವ ಭಾಗದಲ್ಲಿ ಆನೆಗಳಿವೆ ಎಂಬ ಸಾಲು ಓಡುತ್ತಿತ್ತು. ಆದರೆ ಬಸ್ಸಿನಲ್ಲಿರುವವರಿಗೆ, ದಾರಿ ನಡೆಯುವವರಿಗೆ ಟಿವಿ ಇಲ್ಲ. 2011ರಿಂದ ಮೊಬೈಲ್ ಸಂದೇಶಗಳು ಬಂದವು. ಆನೆ ಕಂಡ ಜಾಗದಿಂದ ಸುಮಾರು ಎರಡು ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಸಂದೇಶ ಹೋಗುತ್ತದೆ, ಓದಲು ಬಾರದವರಿಗೆ ಧ್ವನಿ ಕರೆ ಹೋಗುತ್ತದೆ. ಎತ್ತರದ, ದೂರಕ್ಕೆ ಕಾಣುವ ತಾಣಗಳಲ್ಲಿ ಕೆಂಪು ದೀಪದ ಕಂಬಗಳನ್ನು ನೆಟ್ಟರು. ಅವುಗಳೊಳಗೆ ಸಿಮ್ ಕಾರ್ಡ್ ಇದೆ. ನೋಂದಾಯಿತ ಫೋನಿನಿಂದ ಒಂದು ಕರೆ ಮಾಡಿದರೆ ದೀಪ ಹೊತ್ತಿಕೊಳ್ಳುತ್ತದೆ, ಬಸ್ಸಿನಲ್ಲಿ ಕುಳಿತವರಿಗೆ ದೂರದಿಂದಲೇ ಎಚ್ಚರಿಕೆ ಸಿಗುತ್ತದೆ. ಆರಂಭದಲ್ಲಿ ಸಂಸ್ಥೆಯ ಸಿಬ್ಬಂದಿ ಹೊತ್ತಿಸುತ್ತಿದ್ದ ದೀಪಗಳನ್ನು ಕ್ರಮೇಣ ತೋಟದ ಜನರೇ ಹೊತ್ತಿಸತೊಡಗಿದರು. ಈ ಏರ್ಪಾಡಿನ ನಿಜವಾದ ಗೆಲುವು ಅಲ್ಲಿದೆ. ಸಾವು ಮೊದಲಿಗಿಂತ ಕಡಿಮೆಯಾಗಿ ವರ್ಷಕ್ಕೆ ಒಂದರ ಆಸುಪಾಸಿಗೆ ಇಳಿಯಿತು. 2015ರಲ್ಲಿ ಆನಂದ ಕುಮಾರ್ ಅವರಿಗೆ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ ಸಂದಿತು.

ಸಾವು ಪೂರ್ತಿ ನಿಂತಿಲ್ಲ. ಆಸ್ತಿ ಹಾನಿಯೂ ಇದೆ. ಆನೆಗಳು ಹೆಚ್ಚಾಗಿ ಗುರಿ ಮಾಡುವುದು ನ್ಯಾಯಬೆಲೆ ಅಂಗಡಿ ಮತ್ತು ಶಾಲೆಯ ಊಟದ ಕೇಂದ್ರಗಳನ್ನು. ಅಲ್ಲಿ ದಾಸ್ತಾನಾದ ಅಕ್ಕಿಯ ವಾಸನೆ ಅವುಗಳನ್ನು ಸೆಳೆಯುತ್ತದೆ, ಪಕ್ಕದ ಲೈನ್ ಮನೆಗಳಿಗೂ ಪೆಟ್ಟು ಬೀಳುತ್ತದೆ. ಪಡಿತರವನ್ನು ವಾಹನದಲ್ಲಿ ತಂದು ಅಂದೇ ಹಂಚಿಬಿಡಬೇಕು, ಧಾನ್ಯವನ್ನು ರಾತ್ರಿ ಉಳಿಸಬಾರದು ಎಂಬ ಸಲಹೆ ಹುಟ್ಟಿದ್ದು ಈ ಕಾರಣಕ್ಕೆ.

ಚಿರತೆಯ ಪ್ರಶ್ನೆ ಇದಕ್ಕಿಂತ ನೋವಿನದು, ಏಕೆಂದರೆ ಬಲಿಯಾದವರಲ್ಲಿ ಚಿಕ್ಕ ಮಕ್ಕಳೇ ಹೆಚ್ಚು. ಹಿಡಿದು ಬೇರೆಡೆ ಬಿಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಬಿಟ್ಟ ಚಿರತೆ ಹೊಸ ಜಾಗದಲ್ಲಿ ತೊಂದರೆ ಕೊಡುತ್ತದೆ, ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ. ಮನೆಯಂಗಳದಲ್ಲಿ ಬೆಳಕು, ಮನೆಯೊಳಗೇ ಶೌಚಾಲಯ, ಮಾಂಸದಂಗಡಿಯ ತ್ಯಾಜ್ಯದ ವಿಲೇವಾರಿ, ಸಂಜೆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರು ಇವೆಲ್ಲ ಕಾರ್ಮಿಕರಿಗೆ ಹೇಗೂ ಸಿಗಲೇಬೇಕಾದ ಸೌಕರ್ಯಗಳು. ಚಿರತೆಯಿಂದ ಮಗುವನ್ನು ಕಾಯುವುದೂ ಅವೇ.

ವಾಲ್ಪಾರೈ ಪೇಟೆಗೆ ಅಂಟಿಕೊಂಡಿರುವ ಪುದುತೋಟಂ ನೂರು ಹೆಕ್ಟೇರನ್ನೂ ಮುಟ್ಟದ ಕಾಡಿನ ತುಣುಕು. ಅಷ್ಟರಲ್ಲೇ ಸಿಂಗಳೀಕಗಳ ದೊಡ್ಡ ಸಂಖ್ಯೆ ಬದುಕಿದೆ. ಪಶ್ಚಿಮಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿಗಳು ಕಾಡಿನಲ್ಲಿ ಒಟ್ಟು 4,000ಕ್ಕಿಂತ ಕಡಿಮೆ ಉಳಿದಿವೆ ಎಂಬುದು ಅಂದಾಜು. ಉತ್ತರ ಕನ್ನಡದ ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾದದ್ದು ಇವುಗಳ ಸಲುವಾಗಿಯೇ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಪುದುತೋಟಂನ ಗುಂಪುಗಳನ್ನು ದಶಕಗಳ ಕಾಲ ಗಮನಿಸಿದ್ದಾರೆ. ಮರದಿಂದ ಮರಕ್ಕೆ ಹೋಗಬೇಕಾದ ಸಿಂಗಳೀಕ ಕಾಡು ಹರಿದಲ್ಲಿ ರಸ್ತೆಗಿಳಿಯುತ್ತದೆ, ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಕೊಂಬೆಗಳ ನಡುವೆ ರಸ್ತೆಯ ಮೇಲೆ ತೂಗುಸೇತುವೆಗಳನ್ನು ಕಟ್ಟಲಾಗಿದೆ. ಅಷ್ಟು ಸಾಲದೆಂದು ಸ್ಥಳೀಯರನ್ನೇ ಕಾವಲುಗಾರರನ್ನಾಗಿ ನೇಮಿಸಲಾಗಿದೆ. ಗುಂಪು ದಾಟುವಾಗ ಅವರು ವಾಹನ ತಡೆಯುತ್ತಾರೆ, ಚಿಪ್ಸ್ ಎಸೆಯುವ ಪ್ರವಾಸಿಗರಿಗೆ ತಿಳಿಹೇಳುತ್ತಾರೆ. ಮಳೆಯಲ್ಲಿ, ಚಳಿಯಲ್ಲಿ ನಿಂತು ಮಾಡುವ ಆ ಕೆಲಸಕ್ಕೆ ಯಾವ ಪತ್ರಿಕೆಯ ಮುಖಪುಟವೂ ಸಿಗುವುದಿಲ್ಲ. ಸಿಗಬೇಕು.

ಕಾಡಿನ ತುಣುಕುಗಳನ್ನು ಮತ್ತೆ ಕಾಡಾಗಿಸುವ ಪ್ರಯತ್ನ 2000ದ ಹೊತ್ತಿಗೆ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರೇ ಆದ ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಅವರಿಂದ ಮೊದಲಾಯಿತು. ರಸ್ತೆಬದಿಯಲ್ಲಿ ಬಿದ್ದ ಬೀಜಗಳನ್ನು ಆರಿಸಿ ತಂದು ನರ್ಸರಿಯಲ್ಲಿ ನೂರಕ್ಕೂ ಹೆಚ್ಚು ಜಾತಿಯ ಸ್ಥಳೀಯ ಮರಗಳ ಸಸಿ ಬೆಳೆಸುತ್ತಾರೆ. ಲಂಟಾನದಂಥ ಕಳೆ ಕಿತ್ತು ಧೂಪ, ನಾಗಸಂಪಿಗೆ, ಕಾಡುಹಲಸಿನ ಬಳಗದ ಗಿಡಗಳನ್ನು ನೆಡುತ್ತಾರೆ. ಪ್ಯಾರಿ ಆಗ್ರೋ, ಟಾಟಾ ಕಾಫಿಯಂಥ ಕಂಪನಿಗಳು ತಮ್ಮ ಜಮೀನಿನ ತುಣುಕುಗಳನ್ನು ಇದಕ್ಕೆ ಬಿಟ್ಟುಕೊಟ್ಟವು. ಮಂಗಟ್ಟೆ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುವಷ್ಟು ಮರ ಬೆಳೆದರೆ ಮುಂದಿನದನ್ನು ಅವೇ ನೋಡಿಕೊಳ್ಳುತ್ತವೆ, ಆದರೆ ಅದಕ್ಕೆ ದಶಕಗಳು ಬೇಕು.

ಈ ಬೆಟ್ಟದ ಚಹಾ ಹೊರದೇಶಗಳಿಗೂ ಹೋಗುತ್ತದೆ. ಅಲ್ಲಿನ ಗ್ರಾಹಕರ ಒತ್ತಾಯದಿಂದ ಹುಟ್ಟಿದ ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣೀಕರಣಗಳು ಹೊಳೆದಂಡೆಯ ಕಾಡನ್ನು ಉಳಿಸಬೇಕು, ಅಪಾಯಕಾರಿ ಕೀಟನಾಶಕ ಬಿಡಬೇಕು, ಕಾರ್ಮಿಕರನ್ನು ಸರಿಯಾಗಿ ನಡೆಸಿಕೊಳ್ಳಬೇಕು ಎಂದು ಷರತ್ತು ಹಾಕುತ್ತವೆ. ಕಾಡಿಗೆ ಇದರಿಂದ ಒಂದಿಷ್ಟು ಆಸರೆ ಸಿಕ್ಕಿದೆ. ಆದರೆ ಚಹಾ ಎಲೆ ಕೊಯ್ಯುವ ಹೆಂಗಸಿನ ದಿನಗೂಲಿಯನ್ನು ನಿರ್ಧರಿಸುವುದು ಈಗಲೂ ಕಾರ್ಮಿಕ ಸಂಘ, ಮಾಲೀಕರು ಮತ್ತು ಸರ್ಕಾರದ ನಡುವಿನ ಮಾತುಕತೆ.

ಇವರೆಲ್ಲರಿಗಿಂತ ಮೊದಲು ಇಲ್ಲಿದ್ದವರು ಕಾಡರ್ ಬುಡಕಟ್ಟಿನವರು. 2019ರ ಆಗಸ್ಟ್ ಮಳೆಗೆ ಕಲ್ಲಾರ್ ಎಂಬ ಅವರ ಹಾಡಿಯಲ್ಲಿ ಭೂಕುಸಿತವಾಗಿ ಮನೆಗಳು ಹಾಳಾದವು. ಅವರನ್ನು ತೋಟದ ಹಳೆಯ ಲೈನ್ ಮನೆಗಳಲ್ಲಿ ಇರಿಸಲಾಯಿತು. ಕಾಡಿನ ಹೊರಗೆ ಬದುಕಲು ಒಪ್ಪದ ಅವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ತೆಪ್ಪಕುಳಮೇಡು ಎಂಬಲ್ಲಿ ನೆಲ ಕೇಳಿದರು, ಎರಡು ವರ್ಷ ಬಿಡದೆ ಹೋರಾಡಿದರು, 2021ರಲ್ಲಿ ಹಕ್ಕುಪತ್ರ ಪಡೆದರು. ಗಡಿಯಾಚೆ ವಾಳಚ್ಚಾಲ್‌ನಲ್ಲಿ ಅದೇ ಬುಡಕಟ್ಟಿನವರು ಮಂಗಟ್ಟೆಗಳ ಗೂಡು ಕಾಯುತ್ತಾರೆ. ತಮ್ಮ ಕಾಡನ್ನೂ ಹಾಡಿಗಳನ್ನೂ ಮುಳುಗಿಸಬಹುದಾಗಿದ್ದ 163 ಮೆಗಾವಾಟ್‌ನ ಅತಿರಪ್ಪಿಳ್ಳಿ ಜಲವಿದ್ಯುತ್ ಯೋಜನೆಯ ವಿರುದ್ಧ ನಿಂತವರೂ ಅವರೇ. ಅವರ ಮಟ್ಟಿಗೆ ಹಕ್ಕಿಯ ಗೂಡು ಮತ್ತು ತಮ್ಮ ನೆಲದ ಹಕ್ಕು ಬೇರೆ ಬೇರೆ ಬೇಡಿಕೆಗಳಲ್ಲ.

ಆನೆಯ ಸುದ್ದಿ ಮುಟ್ಟಿಸುವ ವಾಲ್ಪಾರೈಯ ಮಾದರಿ ಕರ್ನಾಟಕದ ಹಾಸನ ಜಿಲ್ಲೆಗೂ ಬಂದಿದೆ. ಆಲೂರು ಭಾಗದಿಂದ 2014ರ ಸುಮಾರಿಗೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಆನೆಗಳ ಓಡಾಟ ನಿಲ್ಲಲಿಲ್ಲ. ಆಮೇಲೆ ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕನ್ನಡದ ಸಂದೇಶಗಳು, ಧ್ವನಿ ಕರೆಗಳು, ರಸ್ತೆಬದಿಯ ಎಚ್ಚರಿಕೆ ಫಲಕಗಳು ಬಂದವು. ಆದರೆ ನೆಲದ ಸ್ಥಿತಿ ಬೇರೆ. ವಾಲ್ಪಾರೈಯಲ್ಲಿ ಜಮೀನು ಕೆಲವೇ ಕಂಪನಿಗಳ ಕೈಯಲ್ಲಿದೆ, ಆನೆ ಚಹಾ ಎಲೆ ತಿನ್ನುವುದಿಲ್ಲ. ಹಾಸನದಲ್ಲಿ ಸಣ್ಣ ಹಿಡುವಳಿಗಳೇ ಹೆಚ್ಚು, ಕಾಫಿಯ ನಡುವೆ ಬಾಳೆ, ಬೈನೆ, ಹಲಸು, ತಗ್ಗಿನಲ್ಲಿ ಭತ್ತದ ಗದ್ದೆ ಇವೆ. ಎಚ್ಚರಿಕೆ ಸಿಕ್ಕ ರೈತ ಅಂದು ರಾತ್ರಿ ಮನೆಯಲ್ಲೇ ಉಳಿದು ಜೀವ ಉಳಿಸಿಕೊಳ್ಳುತ್ತಾನೆ, ಬೆಳಿಗ್ಗೆ ನೋಡಿದರೆ ಆನೆ ಗದ್ದೆ ತುಳಿದಿರುತ್ತದೆ. ಹಾಗಾಗಿ ಅಲ್ಲಿ ಬೆಳೆ ಪರಿಹಾರದ ಮೊತ್ತ ಎಷ್ಟು, ಅದು ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದೇ ಈಗಿನ ಮುಖ್ಯ ಪ್ರಶ್ನೆ.