ಪೇಟೆಯೊಳಗೆ ನಾಲ್ಕು ವರ್ಷ ನಡೆದ ಯುದ್ಧ

ಸಿರಿಯಾದ ಅಲೆಪ್ಪೊ ನಗರಕ್ಕೆ ಅರಬಿಯಲ್ಲೂ ನಮ್ಮ ಮನೆಯ ಉರ್ದುವಿನಲ್ಲೂ ‘ಹಲಬ್’ ಎನ್ನುತ್ತಾರೆ. ಶೇಖ್ ಸಾದಿ 1258ರಲ್ಲಿ ಬರೆದ ಗುಲಿಸ್ತಾನ್‌ನಲ್ಲಿ ಒಬ್ಬ ಆಸೆಬುರುಕ ವ್ಯಾಪಾರಿಯ ಕಥೆ ಇದೆ. ಹಿಂದೂಸ್ತಾನದ ಉಕ್ಕನ್ನು ಹಲಬ್‌ಗೆ ಒಯ್ದು ಮಾರಬೇಕು, ಹಲಬ್‌ನ ಗಾಜನ್ನು ಯೆಮನ್‌ಗೆ ಒಯ್ಯಬೇಕು ಎಂದು ಅವನು ರಾತ್ರಿಯಿಡೀ ಲೆಕ್ಕ ಹಾಕುತ್ತಾನೆ. ದಾದಾ ಈ ಕಥೆ ಹೇಳಿದ್ದರಿಂದಲೇ ನನಗೆ ಈ ಊರಿನ ಹೆಸರು ಮೊದಲು ಗೊತ್ತಾದದ್ದು. ಯುದ್ಧದ ವಿಷಯ ಗೊತ್ತಾದದ್ದು ಆಮೇಲೆ, ವಾಟ್ಸಾಪ್‌ನಲ್ಲಿ.

ಫ್ಯಾಮಿಲಿ ಗ್ರೂಪಿಗೆ ಬರುವ ವಿಡಿಯೋಗಳಲ್ಲಿ ಯಾವಾಗಲೂ ಒಂದೇ ಕಡೆಯವರು ಕೆಟ್ಟವರು. ಯಾರು ಕಳಿಸಿದರು ಎಂಬುದರ ಮೇಲೆ ಆ ‘ಒಂದು ಕಡೆ’ ಬದಲಾಗುತ್ತದೆ. ಕ್ಲಾಸಿನಲ್ಲಿ ಒಬ್ಬ ಗೆಳೆಯ ಕೇಳಿದ: “ಎರಡೂ ಕಡೆ ಮುಸ್ಲಿಮರೇ ಅಲ್ವೇನೋ, ಮತ್ತೆ ಯಾಕೆ ಹೊಡೆದಾಡಿದರು?” ನನ್ನ ಹತ್ತಿರ ಒಂದು ಸಾಲಿನ ಉತ್ತರ ಇರಲಿಲ್ಲ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಣ. 2011ರ ಮಾರ್ಚ್‌ನಲ್ಲಿ ಸಿರಿಯಾದ ದರಾ ಎಂಬ ಊರಿನಲ್ಲಿ ಅಧ್ಯಕ್ಷ ಬಶರ್ ಅಲ್ ಅಸದ್ ಸರ್ಕಾರದ ವಿರುದ್ಧ ಪ್ರತಿಭಟನೆ ಶುರುವಾಯಿತು. ಸರ್ಕಾರ ಗುಂಡು ಹಾರಿಸಿತು. ಸೇನೆಯಿಂದ ಕೆಲವರು ಹೊರಬಂದು ಬಂದೂಕು ಹಿಡಿದರು. ವರ್ಷ ಕಳೆಯುವುದರೊಳಗೆ ಅದು ಅಂತರ್ಯುದ್ಧವಾಯಿತು. ಅದು ಧರ್ಮದ ಪ್ರಶ್ನೆಯಾಗಿ ಶುರುವಾಗಲಿಲ್ಲ, ಅಧಿಕಾರ ಮತ್ತು ದಬ್ಬಾಳಿಕೆಯ ಪ್ರಶ್ನೆಯಾಗಿ ಶುರುವಾಯಿತು. ಪಂಗಡದ ದ್ವೇಷ, ಹೊರಗಿನ ದೇಶಗಳ ಹಣ, ಶಸ್ತ್ರ ಎಲ್ಲ ನಂತರ ಸೇರಿಕೊಂಡವು.

ಆದರೆ ಅಲೆಪ್ಪೊ ಬಹಳ ದಿನ ಸುಮ್ಮನಿತ್ತು. ಅದು ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನರಿದ್ದ, ಸಿರಿಯಾದ ಅತಿ ದೊಡ್ಡ ವ್ಯಾಪಾರದ ನಗರ. ಬಟ್ಟೆ, ಸಾಬೂನು, ಔಷಧಿ ಎಲ್ಲದರ ಕಾರ್ಖಾನೆಗಳು ಅಲ್ಲಿದ್ದವು. ಅರಬರು, ಕುರ್ದರು, ಅರ್ಮೇನಿಯನ್ನರು, ಮುಸ್ಲಿಮರು, ಕ್ರೈಸ್ತರು ಒಂದೇ ಬಜಾರಿನಲ್ಲಿ ಅಂಗಡಿ ಇಟ್ಟಿದ್ದರು. ಅಂಗಡಿ ಇದ್ದವನು ಗಲಾಟೆ ಬಯಸುವುದಿಲ್ಲ. ಇದು ನಮ್ಮೂರ ಪೇಟೆಗೂ ನಿಜ. ಬಂಡುಕೋರ ಗುಂಪುಗಳು ಹೆಚ್ಚಾಗಿ ಸುತ್ತಲಿನ ಹಳ್ಳಿಗಳಿಂದ ಬಂದವು. 2012ರ ಜುಲೈನಲ್ಲಿ ಸಲಾಹುದ್ದೀನ್ ಎಂಬ ಬಡಾವಣೆಯ ಕಡೆಯಿಂದ ನಗರದೊಳಗೆ ನುಗ್ಗಿದವು. ಕೆಲವೇ ವಾರಗಳಲ್ಲಿ ನಗರ ಎರಡಾಯಿತು. ಬಡವರು ಹೆಚ್ಚಿದ್ದ ಪೂರ್ವ ಭಾಗ ಬಂಡುಕೋರರ ಕೈಗೆ ಹೋಯಿತು. ಪಶ್ಚಿಮ ಭಾಗ ಸರ್ಕಾರದ ಬಳಿ ಉಳಿಯಿತು. ಆ ಗೆರೆ ನಾಲ್ಕು ವರ್ಷ ಹೆಚ್ಚುಕಡಿಮೆ ಅಲ್ಲೇ ನಿಂತಿತು.

ಇಷ್ಟು ದೊಡ್ಡ ಸೇನೆಗೆ, ಟ್ಯಾಂಕು ವಿಮಾನಗಳೆಲ್ಲ ಇದ್ದೂ, ಅರ್ಧ ನಗರವನ್ನು ಯಾಕೆ ಹಿಡಿಯಲಾಗಲಿಲ್ಲ? ನನಗೆ ಅತಿ ಕುತೂಹಲ ಹುಟ್ಟಿಸಿದ ಪ್ರಶ್ನೆ ಇದೇ. ಬಯಲಿನಲ್ಲಿ ಟ್ಯಾಂಕಿಗೆ ಎದುರಿಲ್ಲ. ಆದರೆ ಎರಡು ಗಾಡಿ ಎದುರುಬದುರಾದರೆ ಸಿಕ್ಕಿಹಾಕಿಕೊಳ್ಳುವ ಗಲ್ಲಿಯಲ್ಲಿ ಟ್ಯಾಂಕ್ ತಿರುಗಲೂ ಆಗುವುದಿಲ್ಲ, ಮೇಲಿನ ಮಹಡಿಯಿಂದ ಹೊಡೆಯುವವನ ಕಡೆಗೆ ತೋಪನ್ನು ಎತ್ತಲೂ ಆಗುವುದಿಲ್ಲ. ಪ್ರತಿ ಮನೆಯೂ ಒಂದು ಕೋಟೆ. ಬೀದಿಗೆ ಇಳಿದರೆ ಸ್ನೈಪರ್ ಗುಂಡು, ಆದ್ದರಿಂದ ಹೋರಾಟಗಾರರು ಮನೆಗಳ ನಡುಗೋಡೆಗೆ ಕಂಡಿ ಕೊರೆದು, ಒಂದು ಅಡುಗೆಮನೆಯಿಂದ ಇನ್ನೊಂದು ಮಲಗುವ ಕೋಣೆಗೆ ನುಸುಳಿ ಸಾಗುತ್ತಿದ್ದರು. ಸ್ನೈಪರ್ ಕಣ್ಣಿಗೆ ಬೀಳದಿರಲು ಬೀದಿಗೆ ಅಡ್ಡಲಾಗಿ ದೊಡ್ಡ ಬಟ್ಟೆಗಳನ್ನು ಪರದೆಯಂತೆ ಕಟ್ಟಿದರು. ಒಂದು ಕಡೆ ಸುಟ್ಟ ಸಿಟಿ ಬಸ್ಸುಗಳನ್ನೇ ಲಂಬವಾಗಿ ನಿಲ್ಲಿಸಿ ಗೋಡೆ ಮಾಡಿದ್ದರು. ಆ ಫೋಟೋ ನೋಡಿದರೆ ಮೊದಲು ನಗು ಬರುತ್ತದೆ, ಅದರ ಹಿಂದೆ ಮಕ್ಕಳು ನಡೆದು ಹೋಗುತ್ತಿರುವುದು ಆಮೇಲೆ ಕಾಣುತ್ತದೆ.

ನೆಲದ ಕೆಳಗೂ ಯುದ್ಧವಿತ್ತು. ಹಳೆ ಪೇಟೆಯಲ್ಲಿ ಬಂಡುಕೋರರು ಸುರಂಗ ಕೊರೆದು, ಸೈನಿಕರಿದ್ದ ಕಾರ್ಲ್ಟನ್ ಹೋಟೆಲಿನ ಅಡಿಗೆ ಸ್ಫೋಟಕ ತುಂಬಿ, 2014ರ ಮೇ ತಿಂಗಳಲ್ಲಿ ಇಡೀ ಕಟ್ಟಡವನ್ನು ಉರುಳಿಸಿದರು.

ಮನೆಮನೆ ಹೊಕ್ಕು ಗೆಲ್ಲಲು ಬಹಳ ಕಾಲಾಳುಗಳು ಬೇಕು, ಅಷ್ಟೇ ಬೇಗ ಸಾಯುತ್ತಾರೆ ಕೂಡ. ಸರ್ಕಾರದ ಬಳಿ ಅಷ್ಟು ಜನ ಇರಲಿಲ್ಲ. ಕೊರತೆ ತುಂಬಲು ಲೆಬನಾನಿನ ಹಿಜ್ಬುಲ್ಲಾ, ಇರಾನ್ ಬೆಂಬಲದ ಪಡೆಗಳು ಬಂದವು. ಜೊತೆಗೆ ಅಗ್ಗದ ಒಂದು ದಾರಿ ಹಿಡಿಯಿತು: ಡ್ರಮ್ಮಿನಲ್ಲಿ ಸ್ಫೋಟಕ ಮತ್ತು ಕಬ್ಬಿಣದ ಚೂರು ತುಂಬಿ ಹೆಲಿಕಾಪ್ಟರಿನಿಂದ ಕೆಳಗೆ ತಳ್ಳುವುದು. ಇದೇ ಬ್ಯಾರೆಲ್ ಬಾಂಬ್. ಅದಕ್ಕೆ ಗುರಿ ಎಂಬುದೇ ಇಲ್ಲ, ಎಲ್ಲಿ ಬಿತ್ತೋ ಅಲ್ಲಿ. 2013ರ ಕೊನೆಯಿಂದ ಪೂರ್ವ ಅಲೆಪ್ಪೊ ಮೇಲೆ ಇವು ಮಳೆಯಂತೆ ಬಿದ್ದವು. ಬ್ರೆಡ್ಡಿಗೆ ಸಾಲು ನಿಂತವರನ್ನೂ ಬಿಡಲಿಲ್ಲ. 2012ರ ಆಗಸ್ಟ್‌ನ ಮೂರು ವಾರಗಳಲ್ಲೇ ಅಲೆಪ್ಪೊ ಪ್ರಾಂತ್ಯದ ಕನಿಷ್ಠ ಹತ್ತು ಬೇಕರಿಗಳ ಮೇಲೆ ಅಥವಾ ಅವುಗಳ ಹತ್ತಿರ ಸರ್ಕಾರಿ ಪಡೆಗಳ ದಾಳಿಯಾಗಿತ್ತು ಎಂದು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು.

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಒಂದು ವಾಟ್ಸಾಪ್ ವಿಡಿಯೋ ಮಾಡಿದಂತಾಗುತ್ತದೆ. ಬಂಡುಕೋರರು ಅಡುಗೆ ಗ್ಯಾಸಿನ ಸಿಲಿಂಡರಿಗೆ ಸ್ಫೋಟಕ ತುಂಬಿ ಹಾರಿಸುವ ಒಂದು ತೋಪು ಮಾಡಿಕೊಂಡಿದ್ದರು. ಅದಕ್ಕೆ ಅವರೇ ಇಟ್ಟ ಹೆಸರು ಜಹನ್ನಮ್ ತೋಪು. ಅದಕ್ಕೂ ಸರಿಯಾದ ಗುರಿ ಇಲ್ಲ. ಪಶ್ಚಿಮದ ಮನೆ, ಶಾಲೆಗಳ ಮೇಲೆ ಅದು ಬಿತ್ತು. ಬಂಡುಕೋರರು ಎಂದರೆ ಒಂದು ಸೇನೆಯೂ ಅಲ್ಲ. ಫ್ರೀ ಸಿರಿಯನ್ ಆರ್ಮಿ ಹೆಸರಿನಡಿ ಹಲವು ತಂಡಗಳು, ಲಿವಾ ಅಲ್ ತೌಹೀದ್, ಅಹ್ರಾರ್ ಅಲ್ ಶಾಮ್, ಅಲ್‌ಖೈದಾ ನಂಟಿನ ನುಸ್ರಾ ಫ್ರಂಟ್, ಹೀಗೆ ಪಟ್ಟಿ ಉದ್ದವಿದೆ. 2014ರ ಜನವರಿಯಲ್ಲಿ ಇವರಲ್ಲೇ ಹಲವರು ಸೇರಿ ಐಸಿಸ್ ವಿರುದ್ಧ ಹೋರಾಡಿ ಅದನ್ನು ನಗರದಿಂದ ಓಡಿಸಿದರು. ಶೇಖ್ ಮಕ್ಸೂದ್ ಬಡಾವಣೆಯಲ್ಲಿ ಕುರ್ದಿಶ್ ಪಡೆ ಬೇರೆ. ನನ್ನ ಗೆಳೆಯನ ‘ಎರಡೂ ಕಡೆ’ ಎಂಬ ಲೆಕ್ಕ ಇಲ್ಲೇ ತಪ್ಪುತ್ತದೆ.

ಈಗ ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಚೆನ್ನಾಗಿ ಅರ್ಥವಾಗುವ ಭಾಗಕ್ಕೆ ಬರುತ್ತೇನೆ. ನಗರದ ಯುದ್ಧ ಕೊನೆಗೆ ಪೂರೈಕೆಯ ಯುದ್ಧ. ಎರಡು ಭಾಗಗಳ ನಡುವೆ ಬುಸ್ತಾನ್ ಅಲ್ ಕಸ್ರ್ ಎಂಬಲ್ಲಿ ಒಂದು ದಾಟುವ ಜಾಗ ಇತ್ತು. ಜನ ಅದನ್ನು ಸಾವಿನ ದಾರಿ ಎನ್ನುತ್ತಿದ್ದರು, ಏಕೆಂದರೆ ಸ್ನೈಪರ್‌ಗಳು ಅದನ್ನೇ ನೋಡುತ್ತಾ ಕೂತಿರುತ್ತಿದ್ದರು. ಆದರೂ ಜನ ದಾಟಿದರು. ಕಾಲೇಜು ಆ ಕಡೆ, ಸಂಬಳ ಆ ಕಡೆ, ತರಕಾರಿ ಈ ಕಡೆ. 2013ರ ಬೇಸಿಗೆಯಲ್ಲಿ ಬಂಡುಕೋರರು ಪಶ್ಚಿಮಕ್ಕೆ ಹೋಗುವ ರಸ್ತೆಗಳನ್ನು ಮುಚ್ಚಿದಾಗ ಅಲ್ಲಿ ರಂಜಾನ್ ತಿಂಗಳಲ್ಲೇ ಬೆಲೆ ಏರಿತು. ಈ ಕಡೆಯಿಂದ ಚೀಲದಲ್ಲಿ ತರಕಾರಿ, ಬ್ರೆಡ್ ಒಯ್ಯುವುದನ್ನು ಕಾವಲಿನವರು ತಡೆದಾಗ, ಪೂರ್ವ ಭಾಗದ ಜನರೇ ಅದರ ವಿರುದ್ಧ ನಿಂತು ಪ್ರತಿಭಟಿಸಿದರು. ಇಡೀ ನಾಲ್ಕು ವರ್ಷದ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಸುದ್ದಿ ಇದು.

ನೀರಿನದು ಇನ್ನೂ ವಿಚಿತ್ರ. ಪಶ್ಚಿಮಕ್ಕೂ ನೀರು ಕಳಿಸುವ ದೊಡ್ಡ ಪಂಪ್ ಸ್ಟೇಷನ್ ಇದ್ದದ್ದು ಬಂಡುಕೋರರ ಪೂರ್ವದಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ದಾಳಿಯಿಂದ ಪೂರ್ವದ ಒಂದು ಪಂಪ್ ಹಾಳಾಗಿ ಎರಡೂವರೆ ಲಕ್ಷ ಜನರಿಗೆ ನೀರು ನಿಂತಿತು. ಸೇಡಿಗೆ ಆ ದೊಡ್ಡ ಪಂಪನ್ನು ಆಫ್ ಮಾಡಿದರು. ಪಶ್ಚಿಮದ 15 ಲಕ್ಷ ಜನರ ನಲ್ಲಿ ಒಣಗಿತು. ಎರಡೂ ಕಡೆ ಬಾಯಾರಿದವರು ಬಂದೂಕು ಹಿಡಿದವರಲ್ಲ.

ಯುದ್ಧ ತೀರ್ಮಾನವಾದದ್ದು ಒಂದು ರಸ್ತೆಯಿಂದ. ಪೂರ್ವ ಅಲೆಪ್ಪೊಗೆ ಉಳಿದಿದ್ದ ಒಂದೇ ದಾರಿ ಕಾಸ್ಟೆಲ್ಲೊ ರಸ್ತೆ. 2015ರ ಸೆಪ್ಟೆಂಬರ್ 30ರಿಂದ ರಷ್ಯಾದ ವಿಮಾನಗಳು ಸರ್ಕಾರದ ಪರ ಇಳಿದ ಮೇಲೆ ತಕ್ಕಡಿ ವಾಲಿತು. 2016ರ ಜುಲೈನಲ್ಲಿ ಸೇನೆ ಆ ರಸ್ತೆಯನ್ನು ಕತ್ತರಿಸಿತು. ಆಗಸ್ಟ್‌ನಲ್ಲಿ ಬಂಡುಕೋರರು ದಕ್ಷಿಣದಲ್ಲಿ ಒಂದು ಕಿಂಡಿ ತೆರೆದರು, ಸೆಪ್ಟೆಂಬರ್‌ನಲ್ಲಿ ಅದೂ ಮುಚ್ಚಿತು. ಒಳಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದಾರೆಂದು ವಿಶ್ವಸಂಸ್ಥೆ ಅಂದಾಜಿಸಿತ್ತು. ಪೂರೈಕೆ ನಿಂತು ಬೇಡಿಕೆ ಹಾಗೇ ಉಳಿದರೆ ಬೆಲೆ ಏನಾಗುತ್ತದೆ ಎಂಬ ರೇಖಾಚಿತ್ರವನ್ನು ನಾವು ಅರ್ಥಶಾಸ್ತ್ರದಲ್ಲಿ ಎಷ್ಟು ಸಲ ಬರೆದಿಲ್ಲ! ಆ ಗೆರೆಯ ತುದಿಯಲ್ಲಿ ಹಾಲಿನ ಪುಡಿ ಸಿಗದ ಮಗು ಇರಬಹುದೆಂದು ಪಠ್ಯಪುಸ್ತಕ ಹೇಳುವುದಿಲ್ಲ.

ಇದಕ್ಕೆ ಕಾನೂನು ಇಲ್ಲವೇ? ಇದೆ. 1949ರ ಜಿನೀವಾ ಒಪ್ಪಂದಗಳ ಮೂರನೇ ವಿಧಿ ಅಂತರ್ಯುದ್ಧಕ್ಕೂ ಅನ್ವಯಿಸುತ್ತದೆ. ಹೋರಾಡದವರನ್ನು ಕೊಲ್ಲಬಾರದು ಎಂಬುದನ್ನು ಸರ್ಕಾರಕ್ಕೂ ಬಂಡುಕೋರರಿಗೂ ಸಮವಾಗಿ ಹೇಳುತ್ತದೆ. 2014ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿ ಮುತ್ತಿಗೆಗಳನ್ನೂ ಬ್ಯಾರೆಲ್ ಬಾಂಬನ್ನೂ ನಿಲ್ಲಿಸಿ ಎಂದು ನಿರ್ಣಯ ಮಾಡಿತು. ಅದರ ನಂತರವೂ ನಡೆದದ್ದನ್ನೆಲ್ಲ ಮೇಲೆ ಬರೆದಿದ್ದೇನೆ. ಕಾನೂನು ಇರುವುದು ಬೇರೆ, ಪಾಲಿಸುವಂತೆ ಮಾಡುವ ಶಕ್ತಿ ಬೇರೆ. ಆ ಶಕ್ತಿ ಇದ್ದ ದೇಶಗಳೇ ಈ ಯುದ್ಧದಲ್ಲಿ ಪಾಲುದಾರರಾಗಿದ್ದವು.

2016ರ ನವೆಂಬರ್‌ನಲ್ಲಿ ಕೊನೆಯ ದಾಳಿ ಶುರುವಾಗಿ ಪೂರ್ವದ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿದವು. ಡಿಸೆಂಬರ್‌ನಲ್ಲಿ ಒಪ್ಪಂದವಾಗಿ, ಹಿಮ ಬೀಳುವ ಚಳಿಯಲ್ಲಿ ಹಸಿರು ಸಿಟಿ ಬಸ್ಸುಗಳಲ್ಲಿ ಸುಮಾರು 35,000 ಜನರನ್ನು ಹೊರಗೆ ಸಾಗಿಸಿದರು. ಡಿಸೆಂಬರ್ 22ಕ್ಕೆ ಎಲ್ಲ ಮುಗಿಯಿತು. ಹಾಗೆ ಜನರನ್ನು ಮನೆ ಬಿಡಿಸಿ ಸಾಗಿಸಿದ್ದೂ ಯುದ್ಧಾಪರಾಧವೇ ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ 2017ರ ಮಾರ್ಚ್‌ನಲ್ಲಿ ಹೇಳಿತು. ಅದೇ ವರದಿಯಲ್ಲಿ ಬಂಡುಕೋರರ ಅಪರಾಧಗಳೂ ಇವೆ.

ಎಂಟು ವರ್ಷದ ನಂತರ, 2024ರ ನವೆಂಬರ್ ಕೊನೆಯಲ್ಲಿ, ಹಯಾತ್ ತಹ್ರೀರ್ ಅಲ್ ಶಾಮ್ ನೇತೃತ್ವದ ಪಡೆಗಳು ಕೆಲವೇ ದಿನಗಳಲ್ಲಿ ಅದೇ ನಗರವನ್ನು ಹಿಡಿದವು. ಡಿಸೆಂಬರ್ 8ರಂದು ಅಸದ್ ದೇಶ ಬಿಟ್ಟು ಓಡಿದರು. ನಾಲ್ಕು ವರ್ಷ ಹಿಡಿಯಲಾಗದ್ದು ನಾಲ್ಕು ದಿನದಲ್ಲಿ ಹೇಗಾಯಿತು ಎಂಬುದಕ್ಕೆ ಇನ್ನೊಂದು ಲೇಖನವೇ ಬೇಕು.

ಹಳೆಯ ಬಜಾರಿನ ವಿಷಯ ಹೇಳಬೇಕು. ಸುಮಾರು 13 ಕಿಲೋಮೀಟರ್ ಉದ್ದದ, ಮೇಲೆ ಛಾವಣಿಯಿರುವ ಆ ಗಲ್ಲಿಗಳಿಗೆ 2012ರ ಸೆಪ್ಟೆಂಬರ್ ಕೊನೆಯಲ್ಲಿ ಹೋರಾಟದ ನಡುವೆ ಬೆಂಕಿ ಬಿತ್ತು. ಪಕ್ಕದ ಉಮಯ್ಯದ್ ಮಸೀದಿಯ, ಹನ್ನೊಂದನೇ ಶತಮಾನದ ಮಿನಾರು 2013ರ ಏಪ್ರಿಲ್ 24ರಂದು ಕುಸಿಯಿತು. ಯಾರು ಉರುಳಿಸಿದರೆಂದು ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಬಜಾರಿನ ಒಂದು ಭಾಗವಾದ ಸೂಕ್ ಅಲ್ ಸಕತಿಯ್ಯಾ ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಊರು ಬಿಟ್ಟ ಎಷ್ಟೋ ಕಾರ್ಖಾನೆ ಮಾಲೀಕರು ಅಷ್ಟರಲ್ಲಿ ಗಡಿಯಾಚೆ ತುರ್ಕಿಯ ಗಾಜಿಯಾಂಟೆಪ್‌ನಲ್ಲಿ ಹೊಸ ಬೋರ್ಡು ಹಾಕಿಕೊಂಡಿದ್ದರು.