ಬೀರುವಿನೊಳಗಿನ ಮಳೆಗಾಲ

ಜೂನ್ ಮೊದಲ ವಾರದ ಹೊತ್ತಿಗೆ ಮಂಗಳೂರಿಗೆ ಮಳೆ ಬರುತ್ತದೆ. ಜುಲೈ ಕಳೆಯುವಷ್ಟರಲ್ಲಿ ಅದು ಬೀರುವಿನೊಳಕ್ಕೂ ಬಂದಿರುತ್ತದೆ. ಶ್ರಾವಣದ ಹಬ್ಬಕ್ಕೆಂದು ಸೀರೆ ತೆಗೆದರೆ ಮಡಿಕೆಯುದ್ದಕ್ಕೂ ಬಿಳಿಯ ಚುಕ್ಕೆ, ಚರ್ಮದ ಚಪ್ಪಲಿಯ ಮೇಲೆ ಹಸುರು ಪುಡಿ, ಜೊತೆಗೆ ಆ ಮುಗ್ಗಲು ವಾಸನೆ. “ಬಾಗಿಲು ಭದ್ರವಾಗಿತ್ತಲ್ಲ, ನುಸಿಗುಳಿಗೆಯನ್ನೂ ಹಾಕಿದ್ದೆವಲ್ಲ!” ಎಂದು ಮನೆಯವರಿಗೆ ಆಶ್ಚರ್ಯ.

ನುಸಿಗುಳಿಗೆಯ ಕೆಲಸ ಅದರ ಹೆಸರಿನಲ್ಲೇ ಇದೆ. ಅದು ಹುಳುವಿಗೆ ಮದ್ದು. ತೇವವನ್ನು ಅದು ಒಂದು ಹನಿಯೂ ಹೀರದು. (ಹಸುಗೂಸಿನ ಬಟ್ಟೆಗಳ ನಡುವೆಯಂತೂ ಅದನ್ನು ಇಡಲೇಬೇಡಿ, ಕೆಲವು ಮಕ್ಕಳ ರಕ್ತಕ್ಕೆ ಅದರಿಂದ ಕೇಡುಂಟು.) ಬೂಷ್ಟಿನ ಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಅವು ಮೊಳೆಯಲು ಬೇಕಾದುದು ಆಹಾರ ಮತ್ತು ತೇವ. ಹತ್ತಿ, ಚರ್ಮ, ಬೆವರಿನ ಕಲೆ, ಪುಸ್ತಕದ ಅಂಟು ಎಲ್ಲವೂ ಆಹಾರವೇ. ಗಂಜಿಯಂತೂ ಅದಕ್ಕೆ ಹಬ್ಬದೂಟ! ಮಳೆಗಾಲಕ್ಕೆ ಮಡಿಸಿಡುವ ಬಟ್ಟೆಗೆ ಗಂಜಿ ಬೇಡ.

ಇನ್ನು ತೇವ. ಗಾಳಿ ಹೊರಬಲ್ಲಷ್ಟು ನೀರಾವಿಯಲ್ಲಿ ನೂರಕ್ಕೆ 75 ಪಾಲಿಗಿಂತ ಹೆಚ್ಚು ಹಲವು ದಿನ ನಿಂತರೆ ಬೂಷ್ಟಿಗೆ ಅನುಕೂಲ. ಕರಾವಳಿಯ ಜುಲೈಯಲ್ಲಿ ಅದು 90ರ ಆಸುಪಾಸಿನಲ್ಲಿರುತ್ತದೆ. ಆದರೆ ಬೀರುವಿನೊಳಗೆ ಆ ನೀರು ಇರುವುದೆಲ್ಲಿ? ಒಂದು ಘನ ಮೀಟರಿನ ಬೀರುವಿನ ಗಾಳಿಯಲ್ಲಿ ಹೆಚ್ಚೆಂದರೆ 25 ಗ್ರಾಂ, ಐದು ಚಮಚದಷ್ಟು. ಆದರೆ ನಾವು ಒಣಗಿದೆಯೆಂದುಕೊಂಡ ಹತ್ತಿಬಟ್ಟೆಯಲ್ಲೂ ಅದರ ತೂಕದ ನೂರಕ್ಕೆ ಏಳು ಪಾಲು ನೀರಿರುತ್ತದೆ. ಇಪ್ಪತ್ತು ಕಿಲೋ ಬಟ್ಟೆಯೆಂದರೆ ಸುಮಾರು ಒಂದೂವರೆ ಲೀಟರು! ಮಳೆಗಾಲದ ಗಾಳಿಗೆ ತೆರೆದಿಟ್ಟರೆ ಇದು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ.

ಆದ್ದರಿಂದ ಒಣಗಿಸಬೇಕಾದುದು ಬೀರುವಿನ ಗಾಳಿಯನ್ನಲ್ಲ, ಬಟ್ಟೆಯನ್ನು. ಮೇ ತಿಂಗಳ ಕಡುಬಿಸಿಲಿನಲ್ಲಿ ಹತ್ತಿಬಟ್ಟೆಗಳನ್ನು ಹರಡಿ, ಸಂಜೆಯ ತಂಪು ಏರುವ ಮೊದಲೇ ಮಡಿಸಿ ಒಳಗಿಡಿ. ರೇಷ್ಮೆಗೆ ನೆರಳಿನ ಗಾಳಿ ಸಾಕು. ಹೀಗೆ ಒಣಗಿದ ಬಟ್ಟೆ ತುಂಬಿದ, ಬಾಗಿಲು ಬಿಗಿಯಾದ ಬೀರು ಒಳನುಸುಳುವ ತೇವವನ್ನು ತಾನೇ ಸ್ವಲ್ಪಸ್ವಲ್ಪವಾಗಿ ಹೀರಿಕೊಂಡು ಎಷ್ಟೋ ದಿನ ತಾಳುತ್ತದೆ. ಅರೆಒಣಗಿದ ಒಂದೇ ಒಂದು ಟವೆಲ್ಲು ಒಳಗೆ ಹೋದರೆ ಇಷ್ಟೂ ಶ್ರಮ ವ್ಯರ್ಥ. ಮಳೆ ಹನಿಯುತ್ತಿರುವಾಗ “ಗಾಳಿಯಾಡಲಿ” ಎಂದು ಬಾಗಿಲು ತೆರೆದಿಡುವುದೂ ತಪ್ಪು. ಮಳೆ ಹೊಳವಾಗಿ ಬಿಸಿಲು ಕಂಡ ದಿನ ತೆರೆಯಿರಿ.

ಹೀರುವ ವಸ್ತುಗಳು? ಚಪ್ಪಲಿಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣ ಒಂದೆರಡು ಗ್ರಾಂ ನೀರು ಹೀರಿದರೆ ಹೆಚ್ಚು. ಅರಳಿಸದ ಸುಣ್ಣ ಕಿಲೋ ಒಂದಕ್ಕೆ 300 ಗ್ರಾಮಿನಷ್ಟು ಹೀರಬಲ್ಲುದು. ಆದರೆ ಅದು ಹೀರುತ್ತ ಉಬ್ಬುತ್ತದೆ, ನೀರು ತಾಗಿದರೆ ಕುದಿಯುವಷ್ಟು ಕಾಯುತ್ತದೆ. ಅಗಲಬಾಯಿಯ ಮಣ್ಣಿನ ಪಾತ್ರೆಯಲ್ಲಿ ಅರ್ಧಕ್ಕಿಂತ ಕಡಮೆ ಹಾಕಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಬಾಗಿಲಲ್ಲಿ ಸಂದು ಬಿಟ್ಟ ಬೀರುವಿನಲ್ಲಿ ಇದನ್ನಿಡುವುದೆಂದರೆ ಅರಬ್ಬೀ ಸಮುದ್ರವನ್ನು ಒಣಗಿಸಲು ಹೊರಟಂತೆ.

ಕೆಲವರು ಹಿಂದೆ ಬೀರುವಿನ ತಳದಲ್ಲಿ ಬಲ್ಬು ಉರಿಸುತ್ತಿದ್ದರು. ಯುಕ್ತಿ ಸರಿಯೇ: 27 ಡಿಗ್ರಿಯ ಗಾಳಿಯನ್ನು 31ಕ್ಕೆ ಬಿಸಿಮಾಡಿದರೆ 90 ಇದ್ದ ಆರ್ದ್ರತೆ 72ರ ಹತ್ತಿರಕ್ಕೆ ಇಳಿಯುತ್ತದೆ. ಮಲೆನಾಡಿನವರು ಬಚ್ಚಲೊಲೆಯ ಮೇಲೆ ಬಟ್ಟೆ ಹರವುವುದೂ ಇದೇ ಲೆಕ್ಕದಲ್ಲಿ. ಆದರೆ ಎಲ್‌ಇಡಿ ದೀಪಕ್ಕೆ ಅಷ್ಟು ಕಾವಿಲ್ಲ. ಹಳೆಯ ಬಲ್ಬಿಗೆ ಬಟ್ಟೆ ತಾಗಿದರೆ ಬೆಂಕಿಯ ಭಯ. ನಾನಂತೂ ಇದನ್ನು ಸೂಚಿಸಲಾರೆ.

ಮಳೆ ಬಡಿಯುವ ಹೊರಗೋಡೆ ತಣ್ಣಗಿರುತ್ತದೆ. ತೇವ ಮೊದಲು ಕೂರುವುದು ಅಲ್ಲಿಯೇ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಕಾಲಿನಡಿ ಮರದ ತುಂಡು ಕೊಡಿ.

ಬೂಷ್ಟು ಆಗಲೇ ಹತ್ತಿದ್ದರೆ ಬಟ್ಟೆಯನ್ನು ಕೋಣೆಯಲ್ಲಿ ಕೊಡವಬೇಡಿ. ಕಣಗಳು ಮತ್ತೆಲ್ಲ ಬಟ್ಟೆಗೂ ಹರಡುತ್ತವೆ, ಉಬ್ಬಸದವರಿಗೆ ಬಾಧೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮೆದುವಾದ ಬ್ರಷ್ಷಿನಿಂದ ಉಜ್ಜಿ, ಒಗೆಯಬಹುದಾದ್ದನ್ನು ಒಗೆದು ಒಣಗಿಸಿ. ಖಾಲಿ ಬೀರುವಿನ ಒಳಮೈಯನ್ನು ಸಾಬೂನುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ಫ್ಯಾನು ಹಾಕಿಡಿ. ಮರ ಪೂರ್ತಿ ಒಣಗುವವರೆಗೆ ಒಂದು ಕರವಸ್ತ್ರವೂ ಒಳಗೆ ಹೋಗಕೂಡದು.